ಕಬ್ಬಿನ ಗರಿಯ ಎರಡನೆಯ ಸಾಲು

ಕೊಲ್ಹಾಪುರದ ನಮ್ಮ ಮಹಿಳಾ ಉದ್ಯೋಗ ಸಂಸ್ಥೆಯ ಕಾರ್ಯಕಾರಿ ಸಮಿತಿ ಒಂದು ಸುಳ್ಳನ್ನು ಠರಾವಾಗಿ ಬರೆದಿಟ್ಟುಕೊಂಡಿದೆ. ಗಡಹಿಂಗ್ಲಜದ ಹೆಣಿಗೆ ವರ್ಗದಿಂದ ಬಂದ ಹನ್ನೆರಡು ಸ್ವೆಟರುಗಳು ಅಲ್ಲಿ ಕಲಿಸುತ್ತಿದ್ದ ಹೆಂಗಸಿನ ಅಜ್ಞಾನದಿಂದ ಕೆಟ್ಟವು ಎಂಬುದು ಆ ಸುಳ್ಳು. ಅವು ಕೆಟ್ಟದ್ದು ಸಮಿತಿ ಅಚ್ಚು ಹಾಕಿಸಿದ ಪುಸ್ತಕದಿಂದ. ಸಮಿತಿಯ ಅಧ್ಯಕ್ಷೆಗೆ ಇದು ಗೊತ್ತು. ಅವರ ಎದುರಿಗೆ ಕೂತು ನಾನೇ ಹೆಣೆದು ತೋರಿಸಿದ್ದೇನೆ. ಗೊತ್ತಾದ ಮೇಲೂ ಮುಚ್ಚಿದ ವರ್ಗವನ್ನು ತೆರೆದಿಲ್ಲ, ಆ ಹೆಂಗಸಿಗೆ ಒಂದು ಸಾಲಿನ ಪತ್ರ ಬರೆದಿಲ್ಲ. ಠರಾವಿಗೆ ಲಗತ್ತಿಸಿದ ಹಾಳೆಯ ಮೇಲೆ ನನ್ನ ರುಜು ಇದೆ. ಆದ್ದರಿಂದ ತಪ್ಪಿತಸ್ಥರ ಸಾಲಿನಲ್ಲಿ ನಿಂತುಕೊಂಡೇ ನಾನು ಇದನ್ನು ಬರೆಯುತ್ತಿದ್ದೇನೆ.

ನಾನು ಹೆಣಿಗೆಯ ನಮೂನೆ ಬರೆಯುವವಳು. ಸ್ವೆಟರು ಹೆಣೆಯುವವರನ್ನು ಎಲ್ಲರೂ ಕಂಡಿದ್ದಾರೆ. ಎಷ್ಟನೆಯ ಸಾಲಿನಲ್ಲಿ ಯಾವ ಬಣ್ಣ ಬರಬೇಕು, ಕಂಕುಳ ಬಳಿ ಎಷ್ಟು ಇಳಿಸಬೇಕು, ಕೊರಳು ಎಲ್ಲಿ ತೆರೆಯಬೇಕು ಎಂಬುದನ್ನು ಯಾರೋ ಒಬ್ಬರು ಮೊದಲೇ ಕೂತು ಯೋಚಿಸಿರುತ್ತಾರೆ ಎಂಬುದು ಮಾತ್ರ ಯಾರ ಮನಸ್ಸಿಗೂ ಬರುವುದಿಲ್ಲ. ಕಡ್ಡಿಯ ಮೇಲಿನ ಒಂದೊಂದು ಕುಣಿಕೆಗೂ ನಮ್ಮ ಕಡೆ ಟಾಕಾ ಎನ್ನುತ್ತಾರೆ. ಚೌಕಳಿ ಕಾಗದದ ಒಂದು ಮನೆ ಎಂದರೆ ಒಂದು ಟಾಕಾ. ದಿನವೆಲ್ಲ ನಾನು ಆ ಮನೆಗಳನ್ನು ತುಂಬುತ್ತೇನೆ, ಅಳಿಸುತ್ತೇನೆ, ಮತ್ತೆ ತುಂಬುತ್ತೇನೆ.

ಈ ವಿದ್ಯೆ ನನಗೆ ಎರಡು ಕಡೆಯಿಂದ ಬಂತು. ಅಪ್ಪ ಇಚಲಕರಂಜಿಯಲ್ಲಿ ಪಾವರಲೂಮಿನ ಮೇಲೆ ದುಡಿಯುವವನು. ಕಬನೂರಿನ ಹಾದಿಗೆ ನಮ್ಮ ಎರಡು ಖೋಲಿಯ ಮನೆ. ಸೀರೆಯ ಅಂಚಿಗೆ ನಕ್ಷೆ ಹಾಕುವ ಡಾಬಿಯ ಮರದ ಪಟ್ಟಿಗಳನ್ನೂ ಅವುಗಳ ತೂತುಗಳಿಗೆ ಬಡಿದ ಸಣ್ಣ ಗೂಟಗಳನ್ನೂ ನಾನು ಅಕ್ಷರಕ್ಕಿಂತ ಮೊದಲು ಓದಲು ಕಲಿತೆ. ಗೂಟ ಇದ್ದಲ್ಲಿ ದಾರ ಮೇಲೆ, ಇಲ್ಲದಲ್ಲಿ ಕೆಳಗೆ. ಕಡ್ಡಿ ಹಿಡಿಯಲು ಕಲಿಸಿದ್ದು ಧಾರವಾಡದ ವಸತಿಗೃಹದ ಮೇಲ್ವಿಚಾರಕಿ. ಅಲ್ಲಿ ಎಂ.ಎ. ಮುಗಿಸಿ ಬರುವ ಹೊತ್ತಿಗೆ ರಾಜ್ಯಗಳ ಗಡಿ ಹಾಕಿಯಾಗಿತ್ತು. ಧಾರವಾಡದ ಕಚೇರಿಗಳಲ್ಲಿ ನಾನು ಆ ಕಡೆಯವಳು; ಕೊಲ್ಹಾಪುರದ ಕಚೇರಿಗಳಲ್ಲಿ ಕಾನಡಿ, ಎಂದರೆ ಕನ್ನಡದವಳು. ಎರಡು ವರ್ಷ ಅರ್ಜಿ ಬರೆದೆ. ಚೀನದೊಂದಿಗೆ ಯುದ್ಧವಾದ ಚಳಿಗಾಲದಲ್ಲಿ ಊರೂರಿನ ಹೆಂಗಸರು ಜವಾನರಿಗೆಂದು ಖಾಕಿ ಉಣ್ಣೆ ಹೆಣೆದರು. ಯುದ್ಧ ನಿಂತ ಮೇಲೆ, ಕಲಿತ ಕೈಗಳಿಗೆ ಕೆಲಸ ಕೊಡುತ್ತೇವೆಂದು ಈ ಸಂಸ್ಥೆ ಹುಟ್ಟಿತು. ನಮೂನೆ ಬರೆಯುವವರು ಬೇಕೆಂದರು. ಹೋದೆ.

ಮೊದಲ ದಿನವೇ ಒಂದು ಕರಾರುಪತ್ರ ಮುಂದಿಟ್ಟರು. ಸಂಸ್ಥೆಯಲ್ಲಿ ಇರುವಷ್ಟು ಕಾಲವೂ, ಬಿಟ್ಟ ಮೇಲೆ ಐದು ವರ್ಷವೂ, ಇಲ್ಲಿ ಬರೆದ ಯಾವ ನಮೂನೆಯನ್ನೂ ಸಂಸ್ಥೆಯ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಕೂಡದು, ಕಲಿಸಕೂಡದು, ಬಾಯಿಂದ ಹೇಳಕೂಡದು. ಬಾಯಿಂದ ಹೇಳಕೂಡದು ಎಂಬುದನ್ನು ಓದಿ ನನಗೆ ನಗು ಬಂತು. ನಗುತ್ತಲೇ ರುಜು ಮಾಡಿದೆ.

ನನಗೆ ಕೊಟ್ಟದ್ದು ಮಾಳಿಗೆಯ ಮೇಲಿನ ಕೋಣೆ. ಅದಕ್ಕೆ ಒಂದೇ ಕಿಟಕಿ. ಕಿಟಕಿಗೆ ಎದುರಾಗಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಪಕ್ಕದ ವಾಡೆಯ ಗೋಡೆ. ಆಕಾಶ ನೋಡಬೇಕಾದರೆ ಸರಳುಗಳಿಗೆ ಕೆನ್ನೆ ಒತ್ತಿ ಮೇಲೆ ನೋಡಬೇಕು. ಸಂಜೆ ಸಿಪಾಯಿ ಬಂದು ಚೌಕಳಿ ಹಾಳೆಗಳನ್ನು ಎಣಿಸಿ, ಕಪಾಟಿಗೆ ಬೀಗ ಹಾಕಿದ ಮೇಲೆ ನಾನು ಇಳಿಯಬಹುದು. ಹರಿದು ಬಿಸಾಡಿದ ಹಾಳೆಯೂ ಎಣಿಕೆಗೆ ಸಿಗಬೇಕು. ಆ ಗೋಡೆಯಿಂದಲೂ ನಾನು ನಮೂನೆ ತೆಗೆದಿದ್ದೇನೆ ಎಂದರೆ ನಂಬಿ. ಮಳೆಗಾಲದಲ್ಲಿ ಅದರ ಮೇಲೆ ಪಾಚಿ ಏರುವ ರೀತಿ, ಬೇಸಗೆಯಲ್ಲಿ ಗಾರೆ ಒಡೆದು ಬಿಡುವ ಬಿರುಕು, ಎರಡೂ ಮಕ್ಕಳ ಕುಲಾಯಿಗಳ ಮೇಲೆ ಹೋದವು. ಊಟದ ಬಿಡುವಿನಲ್ಲಿ ಚಪ್ಪಲಿ ಹೊಲಿಯುವವರ ಓಣಿಗೆ ಹೋಗಿ, ತೊಗಲಿನ ಎಳೆಗಳನ್ನು ಅವರು ಜಡೆಯಾಗಿ ಹೆಣೆಯುವುದನ್ನು ನಿಂತು ನೋಡುತ್ತಿದ್ದೆ. ಉಣ್ಣೆಯಲ್ಲಿ ಆ ಜಡೆಯನ್ನು ತರಲು ಒಂದು ತಿಂಗಳು ಹಿಡಿಯಿತು.

ಕಬ್ಬಿನ ಗರಿ ಸಿಕ್ಕಿದ್ದು ಶನಿವಾರದ ಬಸ್ಸಿನಲ್ಲಿ. ಇಚಲಕರಂಜಿಗೆ ಹೋಗುವಾಗ ಹಾದಿಯ ಎರಡೂ ಬದಿಗೆ ಕಬ್ಬು. ಗಾಳಿಗೆ ಎಲ್ಲ ಗರಿಗಳೂ ಒಂದೇ ಕಡೆಗೆ ಓರೆಯಾಗುತ್ತವೆ. ನಮೂನೆಗಳು ಸಾಮಾನ್ಯವಾಗಿ ಎಡಬಲ ಒಂದೇ ಸಮ ಇರುತ್ತವೆ. ಹಾಗೆ ಬರೆಯುವುದು ಸುಲಭ. ನನಗೆ ಒಂದೇ ಕಡೆಗೆ ವಾಲಿದ್ದು ಬೇಕಾಗಿತ್ತು. ಬಿಳಿಯ ಮೇಲೆ ಹಸಿರು, ಸಾಲಿನಿಂದ ಸಾಲಿಗೆ ಒಂದೊಂದು ಟಾಕಾ ಎಡಕ್ಕೆ ಸರಿಯುತ್ತ ಏರುವ ಗರಿ. ಆ ಕೋಣೆಯೊಳಗೆ ಗಾಳಿ ತಂದೆನೆಂದು ನನಗೆ ನಾನೇ ಹೇಳಿಕೊಂಡ ಒಂದೇ ನಮೂನೆ ಅದು.

ಅಧ್ಯಕ್ಷೆಗೂ ಅದು ಹಿಡಿಸಿತು. ಅವರದು ಕನ್ನಡದ ವ್ಯಾಪಾರಸ್ಥರ ಮನೆತನ. ಸಭೆಯಲ್ಲಿ ಮರಾಠಿ, ಆಳುಗಳ ಜೊತೆಗೆ ಮತ್ತು ನನ್ನ ಜೊತೆಗೆ ಕನ್ನಡ. ಅವರ ಯಜಮಾನರ ಮಗ್ಗಗಳು ಇಚಲಕರಂಜಿಯಲ್ಲಿವೆ. ಅಪ್ಪ ದುಡಿಯುವುದೂ ಅವೇ ಮಗ್ಗಗಳ ಮೇಲೆ.

"ಭಾಳ ಛಲೋ ಬಂದೈತಿ" ಎಂದರು ಹಾಳೆಯನ್ನು ದೂರ ಹಿಡಿದು. "ಆದ್ರ ಹಳ್ಳಿ ಹೆಂಗಸರಿಗೆ ಈ ಚೌಕಳಿ ಓದಾಕ ಬರೂದಿಲ್ಲ. ಸಾಲ ಸಾಲ ಮಾತಿನ್ಯಾಗ ಬರದು ಪುಸ್ತಕ ಛಾಪಿಸೂಣು."

"ನಾ ಬರದು ಕೊಡತೇನ್ರಿ, ಬಾಯಿಸಾಹೇಬ್ರ."

"ನೀ ಬ್ಯಾಡ. ನಿನ್ನ ಮರಾಠಿಗೆ ಕನ್ನಡದ ವಾಸನಿ ಹೊಡಿತೈತಿ."

ಈ ಮಾತನ್ನು ಅವರು ಹೇಳಿದ್ದು ಕನ್ನಡದಲ್ಲಿ. ಮಾತಿನಲ್ಲಿ ಬರೆಯುವ ಕೆಲಸ ಅವರ ಯಜಮಾನರ ಕಾರಖಾನೆಯ ನಕ್ಷೆ ಮಾಸ್ತರರಿಗೆ ಹೋಯಿತು. ಮೂವತ್ತು ವರ್ಷ ಸೀರೆಯಂಚಿನ ನಕ್ಷೆ ತೆಗೆದ ಕೈ ಅದು, ಮರಾಠಿಯಲ್ಲೂ ಮುತ್ತಿನಂಥ ಅಕ್ಷರ. ಪುಸ್ತಕ ಇಚಲಕರಂಜಿಯಲ್ಲೇ ಅಚ್ಚಾಗಿ ಅಲ್ಲಿಂದಲೇ ಊರುಗಳಿಗೆ ಹೋಯಿತು. ಚಿತ್ರದ ಅಚ್ಚು ದುಬಾರಿಯೆಂದು ನನ್ನ ಚೌಕಳಿಯನ್ನು ಬಿಟ್ಟರು. ಒಂದು ಪ್ರತಿಯನ್ನೂ ನನಗೆ ತೋರಿಸಲಿಲ್ಲ. ನಾನೂ ಹಟ ಹಿಡಿದು ಕೇಳಲಿಲ್ಲ. ಇದು ನನ್ನ ಮೊದಲನೆಯ ತಪ್ಪು.

ಗಡಹಿಂಗ್ಲಜದ ಅಕ್ಕನನ್ನು ಸಂಸ್ಥೆಯವರೆಲ್ಲ ಬಲ್ಲರು. ಗಂಡ ತೀರಿದ ಮೇಲೆ ಮೈದುನರ ದೊಡ್ಡ ಮನೆಯಲ್ಲಿ ಉಳಿದ ಹೆಂಗಸು. ಮನೆಯವರು ಕಿರಾಣಿ ವ್ಯಾಪಾರದವರು. ಅನ್ನಕ್ಕೆ ಕೊರತೆಯಿಲ್ಲ, ಹೊಸ್ತಿಲು ದಾಟುವುದಕ್ಕೆ ಮಾತ್ರ ಕಾರಣ ಬೇಕು. ಹೆಣಿಗೆ ವರ್ಗ ಆ ಕಾರಣವಾಯಿತು. ತಿಂಗಳಿಗೊಮ್ಮೆ ಎಸ್.ಟಿ. ಬಸ್ಸಿನಲ್ಲಿ ಗಂಟು ಹೊತ್ತು ಕೊಲ್ಹಾಪುರಕ್ಕೆ ಬರುತ್ತಿದ್ದರು, ಗಂಟಿಳಿಸಿ ನನ್ನ ಕೋಣೆಗೆ ಬಂದು ಗೋಡೆ ನೋಡಿ, "ಏನ ತಂಗೆವ್ವಾ, ನನ್ನ ಮನಿಕಿಂತಾ ನಿನ್ನ ಮನೀನ ಸಣ್ಣದೈತಲ್ಲ" ಎಂದು ನಗುತ್ತಿದ್ದರು.

ಅವರು ಕಲಿಸುತ್ತಿದ್ದ ರೀತಿಯನ್ನು ನಾನು ಒಮ್ಮೆ ಹೋಗಿ ಕಂಡಿದ್ದೆ. ಪಡಸಾಲೆಯಲ್ಲಿ ಹನ್ನೆರಡು ಜನ ಸುತ್ತಿ ಕೂರುತ್ತಾರೆ. ಮರಾಠಿ ಶಾಲೆಗೆ ಹೋದ ಒಬ್ಬಳು ಸಾಲನ್ನು ಓದುತ್ತಾಳೆ; ಅಕ್ಕ ಅದನ್ನು ಕನ್ನಡ ಮಾಡಿ ಎತ್ತಿದ ದನಿಯಲ್ಲಿ ಹೇಳುತ್ತಾರೆ; ಹನ್ನೆರಡೂ ಜನ ಆ ದನಿಗೆ ಹೆಣೆಯುತ್ತಾರೆ. ಯಾರೂ ಮುಂದೆ ಹೋಗುವಂತಿಲ್ಲ, ಯಾರೂ ಹಿಂದೆ ಬೀಳುವಂತಿಲ್ಲ. ಸಾಲು ಮುಗಿದಾಗ ಅಕ್ಕ "ಹೊಳ್ಳಸ್ರಿ" ಎನ್ನುತ್ತಾರೆ. ಹನ್ನೆರಡು ಜೊತೆ ಕಡ್ಡಿಗಳು ಒಮ್ಮೆಗೇ ಹೊರಳುತ್ತವೆ.

ಆ ಹನ್ನೆರಡು ಸ್ವೆಟರುಗಳನ್ನು ಸಮಿತಿಯ ಮೇಜಿನ ಮೇಲೆ ಹರವಿದ ದಿನ ನನ್ನನ್ನು ಕೆಳಗೆ ಕರೆದರು. ಗರಿಯೇ ಇರಲಿಲ್ಲ. ಹಸಿರು ಟಾಕಾಗಳು ಒಂದು ಸಾಲಿನಲ್ಲಿ ಬಲಕ್ಕೆ, ಮುಂದಿನ ಸಾಲಿನಲ್ಲಿ ಎಡಕ್ಕೆ ಎಸೆದಂತೆ ಚೆಲ್ಲಿದ್ದವು.

"ನಿನ್ನ ನಕ್ಷಾ ಸರಿ ಇತ್ತೋ ಇಲ್ಲೋ?" ಎಂದರು ಅಧ್ಯಕ್ಷೆ.

"ಸರಿ ಇತ್ರಿ."

"ಬರದು ಕೊಡು."

'ನಕ್ಷೆಯಲ್ಲಿ ತಪ್ಪಿಲ್ಲ' ಎಂದು ಬರೆದೆ, ರುಜು ಹಾಕಿದೆ. ಆ ವಾಕ್ಯ ನಿಜ. ನಕ್ಷೆಯಲ್ಲಿ ತಪ್ಪಿರಲಿಲ್ಲ. ನಿಜವಾದ ಒಂದು ವಾಕ್ಯದಿಂದ ಇನ್ನೊಬ್ಬರ ಕುತ್ತಿಗೆ ಹಿಡಿಯಬಹುದು ಎಂಬುದನ್ನು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ನಕ್ಷೆ ಸರಿ ಇದ್ದ ಮೇಲೆ ಕಲಿಸಿದವರದೇ ತಪ್ಪು ಎಂದು ಠರಾವಾಯಿತು. ವರ್ಗ ಬಂದಾಯಿತು. ಹನ್ನೆರಡು ಹೆಂಗಸರು, ಬೇರೆ ಬೇರೆ ವಯಸ್ಸಿನವರು, ಬೇರೆ ಬೇರೆ ಕೈಗಳವರು, ಟಾಕಾಕ್ಕೆ ಟಾಕಾ ಒಂದೇ ತಪ್ಪನ್ನು ಹೇಗೆ ಮಾಡಿದರು ಎಂದು ಆ ಮೇಜಿನ ಸುತ್ತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇದು ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ಮುಂದಿನ ತಿಂಗಳು ಅಕ್ಕ ಬರಲಿಲ್ಲ. ಅವರ ಗಂಟು ಬಂತು, ಬಸ್ಸಿನ ಕಂಡಕ್ಟರನ ಕೈಯಲ್ಲಿ. ಉಳಿದ ಉಣ್ಣೆಯನ್ನೆಲ್ಲ ನೀಟಾಗಿ ಉಂಡೆ ಸುತ್ತಿದ್ದರು. ನಡುವೆ ಅವರ ಸ್ವಂತದ ಒಂದು ಜೊತೆ ಕಡ್ಡಿಯೂ ಇತ್ತು. ಅದು ಸಂಸ್ಥೆಯದಲ್ಲ, ಹಿಂದಿರುಗಿಸಬೇಕಾಗಿರಲಿಲ್ಲ. ಅದನ್ನು ನೋಡಿ ನಾನು ಗಡಹಿಂಗ್ಲಜದ ಬಸ್ಸು ಹತ್ತಿದೆ.

ಪಡಸಾಲೆಯಲ್ಲಿ ಈಗ ಶೇಂಗಾದ ಚೀಲಗಳಿದ್ದವು. ಅಕ್ಕ ಒಳಗಿನ ಖೋಲಿಯಲ್ಲಿ ಕರೆದು ಕೂಡಿಸಿದರು, ಚಹಾ ಕೊಟ್ಟರು, ಉಣ್ಣೆಯ ಮಾತು ಎತ್ತಲಿಲ್ಲ. ನಾನೇ ಕಡ್ಡಿಗಳನ್ನು ಚೀಲದಿಂದ ತೆಗೆದು ಮುಂದಿಟ್ಟೆ.

"ಅವು ಇನ್ನ ನನಗ್ಯಾಕ ಬೇಕ ತಂಗಿ" ಎಂದರು. "ನನ್ನ ಸಲುವಾಗಿ ಆ ಹನ್ನೆರಡ ಮಂದೀದೂ ಹೆಸರ ಕೆಡ್ತು. ಮೈದುನ ಅಂದ, ವೈನಿ, ಇನ್ನ ಸಾಕ ಬಿಡ್ರಿ ಅಂದ. ಹೂಂ ಅಂದೆ."

"ಹೆಣಿಯೂವಾಗ ನಿಮಗ ಸಂಶೆ ಬರಲಿಲ್ಲೇನ್ರಿ?"

"ಬಂತಲ್ಲ. ಮೂರ ಸಲ ಬಿಚ್ಚಿಸಿ ಮೂರ ಸಲ ಹೆಣಸೇನಿ. ಮತ್ತ ಹಂಗ ಬಂತು. ಛಾಪಿಸಿದ ಪುಸ್ತಕ, ಮ್ಯಾಲೆ ಸಂಸ್ಥೆ ಶಿಕ್ಕಾ. ಗಾಳಿಗೆ ಹರದ ಗರಿ ಇರಬೇಕ ಬಿಡ ಅಂದ್ವಿ. ನೀ ಹಂಗ ಏನರೆ ಮಾಡಾಕಿ ಅಂತ ಒಬ್ಬಾಕಿ ಅಂದ್ಲು, ಓದಿದಾಕಿ ಅದಾಳ, ಆಕಿದು ಹಂಗ ಇರತೈತಿ ಅಂತ."

ನಗಬೇಕಾದ ಮಾತು. ಇಬ್ಬರೂ ನಗಲಿಲ್ಲ. ಪುಸ್ತಕ ತರಿಸಿ ತೆರೆದೆ. ಮೊದಲನೆಯ ಸಾಲು ಸರಿ ಇತ್ತು: ಒಂದು ಹಸಿರು, ಏಳು ಬಿಳಿ. ಎರಡನೆಯ ಸಾಲು: ಒಂದು ಬಿಳಿ, ಒಂದು ಹಸಿರು, ಆರು ಬಿಳಿ. ಅಲ್ಲಿಗೆ ನನ್ನ ಬೆರಳು ನಿಂತಿತು. ನಾಲ್ಕನೆಯದು, ಆರನೆಯದು, ಎಂಟನೆಯದು, ಸಮಸಂಖ್ಯೆಯ ಸಾಲುಗಳೆಲ್ಲವೂ ತಿರುವುಮುರುವು.

"ಪುಸ್ತಕ ತಪ್ಪೈತ್ರಿ, ಅಕ್ಕಾರ. ನಿಮ್ಮದಲ್ಲ."

ಅವರು ಕಡ್ಡಿಗಳನ್ನು ಕೈಗೆ ತೆಗೆದುಕೊಂಡರು. "ಹಂಗಾರ ಸರಿ ಸಾಲ ಹೇಳು. ಈಗ ಹೆಣದ ನೋಡತೇನಿ. ಕರದ್ರ ಹನ್ನೆರಡೂ ಮಂದಿ ಬರತಾರ."

ಕರಾರುಪತ್ರದ 'ಬಾಯಿಂದ ಹೇಳಕೂಡದು' ಎಂಬ ಆ ಎರಡು ಶಬ್ದಗಳು ನೆನಪಾದವು. ಕರಾರು ಮುರಿದರೆ ನನಗೆ ಏನಾದರೂ ಆಗಲಿ. ಇಚಲಕರಂಜಿಯ ಆ ಮಗ್ಗದ ಮುಂದೆ ನಿಂತ ಅಪ್ಪ ಕಣ್ಣಿಗೆ ಕಂಡ. "ಮುಂದಿನ ವಾರ ಹೇಳತೇನ್ರಿ" ಎಂದೆ. ಅಕ್ಕ ಕಡ್ಡಿಗಳನ್ನು ಮೆಲ್ಲಗೆ ಕೆಳಗಿಟ್ಟರು. ನನ್ನದೇ ಗರಿ, ನನ್ನದೇ ಬಾಯಿ, ಎದುರಿಗೆ ಕಾಯುತ್ತಿರುವ ಕೈ. ಮಾಳಿಗೆಯ ಕೋಣೆಯ ಗೋಡೆ ಗಡಹಿಂಗ್ಲಜದ ತನಕ ನನ್ನ ಜೊತೆಗೇ ಬಂದಿತ್ತು.

ಅಲ್ಲಿಂದ ನೇರ ಇಚಲಕರಂಜಿಗೆ ಹೋಗಿ ನಕ್ಷೆ ಮಾಸ್ತರರ ಮುಂದೆ ಪುಸ್ತಕ ಇಟ್ಟೆ. ಮಗ್ಗಗಳ ಸದ್ದಿಗೆ ಅವರ ಖೋಲಿಯ ಗಾಜು ಅದರುತ್ತಿತ್ತು.

"ಏನವಾ ಶಾಣ್ಯಾಕಿ" ಎಂದರು. "ನಿನ್ನ ಹಾಳ್ಯಾಗ ಒಂದ ಸಾಲಿಗೆ ಬಲಗಡೆ ಬಾಣ, ಒಂದ ಸಾಲಿಗೆ ಎಡಗಡೆ ಬಾಣ. ಕಾಲೇಜಿನ್ಯಾಗ ಹಿಂಗ ಕಲಸ್ತಾರೇನ ಅಂದ್ಕೊಂಡೆ. ಎಲ್ಲಾ ಬಲಗಡೆಯಿಂದ ನೀಟ ಓದಿ ಬರದೇನಿ. ಥ್ಯಾಂಕ್ಸ್ ಹೇಳಾಕ ಬಂದಿ?"

ನಾನು ಅವರ ಮುಂದೆ ಕೂತು ಅವರ ಪುಸ್ತಕದಂತೆಯೇ ಹೆಣೆದೆ. ಮೊದಲನೆಯ ಸಾಲು ಮುಗಿಯಿತು. ಕಡ್ಡಿ ಹೊರಳಿಸಿದೆ.

"ಅದನ್ಯಾಕ ಹೊಳ್ಳಿಸಿದಿ?"

"ಹೊಳ್ಳಿಸಲಿಲ್ಲಂದ್ರ ಮುಂದಿನ ಸಾಲ ಹೆಂಗ ಹೆಣೀಲ್ರಿ, ಮಾಸ್ತರ?"

ಅವರ ಕೈಯೊಳಗಿನ ಪೆನ್ಸಿಲು ನಿಂತಿತು. ಮಗ್ಗದ ಮೇಲಿನ ಬಟ್ಟೆ ಎಂದೂ ಹೊರಳುವುದಿಲ್ಲ. ಲಾಳಿ ಯಾವ ಕಡೆಯಿಂದ ಓಡಿದರೂ ನೇಕಾರನ ಮುಂದೆ ಇರುವುದು ಒಂದೇ ಮುಖ. ಅದರ ನಕ್ಷೆಯ ಪ್ರತಿ ಸಾಲನ್ನೂ ಒಂದೇ ತುದಿಯಿಂದ ಓದಬೇಕು. ಕಡ್ಡಿಯ ಹೆಣಿಗೆ ಪ್ರತಿ ಸಾಲಿಗೂ ಬೆನ್ನು ತಿರುಗಿಸುತ್ತದೆ. ಹಿಂದಿನ ಸಾಲು ಮುಗಿದ ತುದಿಯಿಂದಲೇ ಮುಂದಿನದು ಶುರುವಾಗುತ್ತದೆ. ಮೂವತ್ತು ವರ್ಷ ಮಗ್ಗ ಬಲ್ಲವನೇ ಮಾಡಬಹುದಾದ ತಪ್ಪು ಅದು. ಮಗ್ಗ ಗೊತ್ತಿಲ್ಲದವನಾಗಿದ್ದರೆ ನನ್ನ ಬಾಣಗಳನ್ನು ಹಾಗೇ ನಕಲು ಮಾಡುತ್ತಿದ್ದ.

"ನನ್ನ ಕೈಯಿಂದ ಆತಲ್ಲವಾ" ಎಂದರು ಪೆನ್ಸಿಲು ಕೆಳಗಿಟ್ಟು. "ಬಾಯಿಸಾಹೇಬ್ರು ಕೇಳಿದ್ರ ಹೌದ್ರಿ ಅಂತೇನಿ. ಅವರು ಕೇಳಬೇಕಲ್ಲ."

ಸೋಮವಾರ ಅಧ್ಯಕ್ಷೆಯ ಎದುರಿಗೆ ಮತ್ತೆ ಹೆಣೆದು ತೋರಿಸಿದೆ. ಮಾಸ್ತರರ ಮಾತನ್ನೂ ಹೇಳಿದೆ. ಅವರು ಕೊನೆಯ ಸಾಲಿನ ತನಕ ನೋಡಿದರು. ಅವರಿಗೆ ಹೆಣಿಗೆ ಬರುತ್ತದೆ.

"ತಿಳೀತು" ಎಂದರು. "ಪುಸ್ತಕ ಎಲ್ಲಾ ಊರಿಗೂ ಹೋಗ್ಯಾವ. ತಪ್ಪಾಗೇತಿ ಅಂತ ಈಗ ಛಾಪಿಸಿದ್ರ ಸಂಸ್ಥೆ ಇಜ್ಜತ್ ಏನಾಗಬೇಕು?"

"ಅಕ್ಕಾರ ಇಜ್ಜತ್ ರೀ?"

"ಆಕಿ ಮನ್ಯಾಗ ಕುಂತ ಹೆಂಗಸು. ಆಕಿಗೇನಾಗೇತಿ?" ಉಣ್ಣೆಯ ಎಳೆಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮೆಲ್ಲಗೆ ಕೇಳಿದರು: "ನಿಮ್ಮಪ್ಪ ಆರಾಮ ಅದಾನಲ್ಲ?"

ಆ ಶನಿವಾರ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಊಟದ ತಾಟಿನಿಂದ ತಲೆ ಎತ್ತಲಿಲ್ಲ.

"ಮೂರ ಸಲ ಬಿಚ್ಚಿಸಿದ್ರಂತೇನ ಆ ಅಕ್ಕಾರು?" ಎಂದು ಕೇಳಿದ.

"ಹೌದಪ್ಪ."

"ನಮ್ಮಲ್ಲಿ ಒಂದ ಸಲ ಬಿಚ್ಚೂದಿದ್ರೂ ಮಂದಿ ಅತ್ತ ಬಿಡತಾರ." ಕೈ ತೊಳೆದು ಬಂದು ಗೋಡೆಗೆ ಒರಗಿದ. "ಬರಿ. ಯಾರ ಹೆಸರೂ ಹಾಕಬ್ಯಾಡ. ನನಗ ಮತ್ತೊಂದ ಮಗ್ಗ ಸಿಗತೈತಿ, ಇಲ್ಲಾಂದ್ರ ಇಲ್ಲ."

ಹೆಸರು ಹಾಕಿಲ್ಲ. ಹಾಕದೆಯೂ ಓದಬೇಕಾದವರು ತಮ್ಮನ್ನು ಗುರುತಿಸಿಕೊಳ್ಳುತ್ತಾರೆ.

ಆದಕಾರಣ ಕಾರ್ಯಕಾರಿ ಸಮಿತಿಯನ್ನು ನಾನು ವಿಧಿಪೂರ್ವಕವಾಗಿ ಕೇಳಿಕೊಳ್ಳುವುದೇನೆಂದರೆ: ನಕ್ಷೆ ಮಾಸ್ತರರನ್ನು ಸಭೆಗೆ ಕರೆದು, ಸಮಸಂಖ್ಯೆಯ ಸಾಲುಗಳನ್ನು ಯಾವ ತುದಿಯಿಂದ ಓದಿ ಬರೆದಿರೆಂದು ಕೇಳಬೇಕು, ಅವರ ಉತ್ತರವನ್ನು ಠರಾವಿನ ವಹಿಯಲ್ಲಿ ಬರೆಯಬೇಕು. ನನ್ನ ರುಜುವಿರುವ ಹಾಳೆಯನ್ನು ನಾನು ಈ ಮೂಲಕ ಹಿಂದೆಗೆದುಕೊಳ್ಳುತ್ತೇನೆ. ಅದರ ಮೇಲೆ ನಿಂತ ಠರಾವನ್ನು ರದ್ದು ಮಾಡಬೇಕು. ಪುಸ್ತಕ ಹೋದ ಪ್ರತಿ ಊರಿಗೂ ತಿದ್ದುಪಡಿಯ ಹಾಳೆಯನ್ನು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಕಳಿಸಬೇಕು. ಗಡಹಿಂಗ್ಲಜದ ವರ್ಗವನ್ನು ಅದೇ ಹೆಂಗಸಿನ ಕೈಗೆ ಮರಳಿ ಒಪ್ಪಿಸಬೇಕು, ಅವರ ಮನೆಯ ಹಿರಿಯರಿಗೆ ಅಧ್ಯಕ್ಷೆಯೇ ಸ್ವಂತ ಕೈಯಿಂದ ಪತ್ರ ಬರೆಯಬೇಕು. ನನಗೆ ಕೊಡುವ ಉತ್ತರ ಆ ಪತ್ರ ಅಂಚೆಗೆ ಬಿದ್ದ ಮೇಲೆ ಬರಲಿ, ಲಿಖಿತವಾಗಿ ಬರಲಿ.

ಎರಡನೆಯ ಸಾಲನ್ನು ಹಿಂದಿನ ಸಾಲು ಮುಗಿದ ತುದಿಯಿಂದ ಹೆಣೆಯಬೇಕು: ಆರು ಬಿಳಿ, ಒಂದು ಹಸಿರು, ಒಂದು ಬಿಳಿ. ಈ ವಾಕ್ಯ ಬರೆದದ್ದರಿಂದ ನನ್ನ ಕರಾರು ಮುರಿದಿದೆ. ಅದಕ್ಕಾಗಿ ಸಮಿತಿ ಏನು ಕ್ರಮ ಕೈಗೊಳ್ಳಲಿದೆ ಎಂಬುದನ್ನೂ ಅದೇ ಉತ್ತರದಲ್ಲಿ ತಿಳಿಸಬೇಕಾಗಿ ವಿನಂತಿ.